ಪುಸ್ತಕದ ಚಿತ್ರ ಮತ್ತೆ ಕ್ಯಾನ್ವಾಸಿಗೆ ಹೋದ ಕತೆ

ದುಡ್ಡು ಕೊಟ್ಟು ತರಿಸಿದ ಆ ಚಿತ್ರದಿಂದ್ಲೇ ಶುರು ಮಾಡ್ತೀನಿ, ಅದು ಮನೆಗೆ ಬರದೇ ಇದ್ದಿದ್ರೆ ನಾನು ಎಣ್ಣೆಬಣ್ಣ ಮುಟ್ತಾನೇ ಇರ್ಲಿಲ್ಲ. ನಾವಿರೋದು ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ. ಊರಲ್ಲಿ, ತೀರ್ಥಹಳ್ಳಿ ಹತ್ರ, ಅಮ್ಮ ಒಬ್ಬರೇ ಇದಾರೆ. ಅವರಿಗೆ ಅಂತ ಒಂದು ಚಿತ್ರ ಆರ್ಡರ್ ಮಾಡಿದ್ದೆ, ಹಳೇ ಪುಸ್ತಕಗಳಲ್ಲಿ ಬರ್ತಿದ್ದ ಚಿತ್ರಗಳನ್ನ ಕೈಯಲ್ಲೇ ಆಯಿಲ್ ಪೇಂಟ್ ಮಾಡಿ ಕಳಿಸ್ತೀವಿ ಅನ್ನೋರ ಹತ್ರ, 210 ಡಾಲರ್ ಕೊಟ್ಟು. ಐದು ವಾರ ಆದ್ಮೇಲೆ ಕೊಳವೆಯಲ್ಲಿ ಸುತ್ಕೊಂಡು ಬಂತು, ಬಿಚ್ಚಿ ಡೈನಿಂಗ್ ಟೇಬಲ್ ಮೇಲೆ ಹಾಸಿದಾಗ ಮೊದಲು ಖುಷಿನೇ ಆಯ್ತು, ಗೀರು ಗೀರಾಗಿ ಬ್ರಶ್ಶಿನ ಗುರುತು ಎಲ್ಲಾ ಇತ್ತು. ಆದ್ರೆ ಏನೋ ಸರಿ ಇಲ್ಲ ಅನ್ನಿಸ್ತಾ ಇತ್ತು. ಎಣ್ಣೆಬಣ್ಣದ ವಾಸನೆ ಒಂಚೂರೂ ಇಲ್ಲ. ಸಂಜೆ ಬಿಸಿಲಿಗೆ ಓರೆ ಹಿಡಿದು ನೋಡಿದ್ರೆ ಆ ಬ್ರಶ್ ಗೀರುಗಳು ಒಂದು ಕಡೆಯಿಂದ ಹೊರಟು ಚಿತ್ರದಲ್ಲಿದ್ದ ಹುಡುಗನ ಕೋಟು, ಹಿಂದಿನ ಗೋಡೆ ಎರಡನ್ನೂ ಒಟ್ಟಿಗೆ ದಾಟ್ಕೊಂಡು ಹೋಗಿವೆ, ಕೋಟು ಬರೆಯೋ ಬ್ರಶ್ಶು ಗೋಡೆ ಮೇಲೆ ಯಾಕೆ ಹೋಗುತ್ತೆ ಹೇಳಿ. ಇವ್ರ ಹತ್ರ ಸ್ಟಾಂಪ್ ನೋಡೋಕೆ ಇಟ್ಕೊಂಡಿದ್ದ ಭೂತಗನ್ನಡಿ ತಂದು ಹಿಡಿದೆ. ಚುಕ್ಕಿ ಚುಕ್ಕಿ. ಪ್ರಿಂಟರಿನಲ್ಲಿ ಕ್ಯಾನ್ವಾಸ್ ಮೇಲೆ ಅಚ್ಚು ಹಾಕಿ ಅದರ ಮೇಲೆ ಗಟ್ಟಿ ಪಾರದರ್ಶಕ ಅಂಟು ಬಳಿದು ಗೀರು ಎಳೆದಿದ್ರು ಅಷ್ಟೇ.

ನಾಲ್ಕೈದು ಮೇಲ್ ಬರೆದ್ಮೇಲೆ ಅರ್ಧ ದುಡ್ಡು ವಾಪಸ್ ಕೊಟ್ರು. ದುಡ್ಡಿಗಿಂತ ನನಗೆ ಹೆಚ್ಚು ನೋವಾಗಿದ್ದು ಅದನ್ನ ಅಮ್ಮನಿಗೆ ಕೊಡಬೇಕು ಅಂತಿದ್ನಲ್ಲ ಅನ್ನೋದಕ್ಕೆ. ಇಂಥದ್ದು ತರಿಸೋರು ಯಾರಾದ್ರೂ ಇದ್ರೆ ಒಂದು ಮಾತು, ದುಡ್ಡು ಕೊಡೋ ಮೊದಲೇ ಅರ್ಧ ಬರೆದ ಹಂತದ ಫೋಟೋ ಕೇಳಿ, ಬಿಸಿಲಿಗೆ ಓರೆ ಹಿಡಿದು ತೆಗೆದ ಫೋಟೋನೂ ಕೇಳಿ. ನಿಜವಾಗ್ಲೂ ಕೈಯಲ್ಲಿ ಬರೆಯೋರು ಬೇಕಾದಷ್ಟು ಜನ ಇದಾರೆ, ಚೀನಾದ ಶೆನ್‌ಜೆನ್‌ನಲ್ಲಿ ದಾಫೆನ್ ಅಂತ ಒಂದು ಹಳ್ಳಿನೇ ಇದೆ, 1989ರಲ್ಲಿ ಹುವಾಂಗ್ ಜಿಯಾಂಗ್ ಅನ್ನೋರು ಕೆಲವು ಕಲಾವಿದರನ್ನ ಕರ್ಕೊಂಡು ಬಂದು ಶುರು ಮಾಡಿದ್ದು, ಇಡೀ ಊರೇ ಎಣ್ಣೆಬಣ್ಣದ ನಕಲು ಬರೆದು ಬದುಕು ಕಟ್ಕೊಂಡಿದ್ದು. ಆ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ, ಈಗ ಒಂದು ಬರೆದ್ಮೇಲಂತೂ ಇನ್ನೂ ಜಾಸ್ತಿ.

ಯಾವ ಚಿತ್ರ ಅಂತ ಹೇಳ್ಲೇ ಇಲ್ಲ. ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ನಾನ್‌ಡೀಟೇಲ್ ಆಗಿ ಸ್ಟೀವನ್‌ಸನ್ನನ ಟ್ರೆಷರ್ ಐಲ್ಯಾಂಡ್ ಇತ್ತು, ನಿಧಿ ಹುಡುಕೋಕೆ ಹಡಗು ಹತ್ತೋ ಹುಡುಗನ ಕತೆ, ಸಣ್ಣದು ಮಾಡಿ ಹಾಕಿದ್ದು, ಚಿತ್ರ ಗಿತ್ರ ಏನೂ ಇಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಆ ಪುಸ್ತಕದ ದೊಡ್ಡ ಪ್ರತಿ ಸಿಕ್ತು, ಎನ್.ಸಿ. ವೈಯೆತ್ ಅನ್ನೋ ಅಮೆರಿಕದ ಕಲಾವಿದ ಚಿತ್ರ ಬರೆದ ಆವೃತ್ತಿ. ನ್ಯೂಯಾರ್ಕಿನ ಸ್ಕ್ರಿಬ್ನರ್ಸ್‌ನವರು 1911ರಲ್ಲಿ ಮೊದಲು ತಂದಿದ್ದು, ಮುಖಪುಟ, ಒಳಪುಟ ಎಲ್ಲಾ ಸೇರಿ 17 ಚಿತ್ರ. ಕಡಲ್ಗಳ್ಳರು, ಕುರುಡ ಪ್ಯೂ, ಹಡಗು, ಜಗಳ ಎಲ್ಲಾ ಇದೆ, ಆದ್ರೆ ನಾನು ನಿಂತು ಹೋಗಿದ್ದು ಯಾವ ಸಾಹಸನೂ ಇಲ್ಲದ ಒಂದು ಪುಟದ ಹತ್ರ. ಹುಡುಗ ಜಿಮ್ ಹಾಕಿನ್ಸ್ ಗಂಟು ಹಿಡ್ಕೊಂಡು ಮನೆ ಬಿಟ್ಟು ನಮ್ಮ ಕಡೆಗೇ ನಡ್ಕೊಂಡು ಬರ್ತಿದಾನೆ, ಹಿಂದೆ ಮನೆಯ ಗೋಡೆ ಮೇಲೆ ಬಿಸಿಲು, ಅಲ್ಲೇ ಅವನ ಅಮ್ಮ ಮುಖ ಮುಚ್ಕೊಂಡು ಅಳ್ತಾ ನಿಂತಿದಾಳೆ. ಅಷ್ಟೇ ಚಿತ್ರ.

ಮನೆಗೆ ತಂದು ಆ ಅಧ್ಯಾಯ ಪೂರ್ತಿ ಓದಿದೆ. ಸ್ಟೀವನ್‌ಸನ್ ಅಮ್ಮ ಅತ್ತಳು ಅಂತ ಬರೆದೇ ಇಲ್ಲ! ಅವನ ಪ್ರಕಾರ ಅಮ್ಮ ಆರೋಗ್ಯವಾಗಿ ಗೆಲುವಾಗೇ ಇದಾಳೆ, ಜಮೀನ್ದಾರರು ಅವಳು ನಡೆಸೋ ಹೋಟೆಲಿನ ರಿಪೇರಿ ಮಾಡಿಸಿ ಬಣ್ಣ ಹೊಡೆಸಿ ಕೊಟ್ಟಿದಾರೆ, ಅವಳಿಗೆ ಕೂರೋಕೆ ಒಳ್ಳೇ ಕುರ್ಚಿ ತಂದಿದಾರೆ, ಮಗ ಇಲ್ಲದಾಗ ಕೈಗೆ ಆಗಲಿ ಅಂತ ಬೇರೆ ಒಬ್ಬ ಹುಡುಗನ್ನ ಕೆಲಸಕ್ಕೂ ಹಾಕಿದಾರೆ. ಅಳು ಬರೋದು ಜಿಮ್‌ಗೆ, ಅದೂ ತನ್ನ ಜಾಗದಲ್ಲಿ ಅಮ್ಮನ ಪಕ್ಕ ಇರೋಕೆ ಬಂದ ಆ ಹುಡುಗನ್ನ ನೋಡಿದಾಗ. ಹೊರಡೋದು ಒಂದೇ ಸಾಲಿನಲ್ಲಿ ಮುಗಿದು ಹೋಗುತ್ತೆ, ಅಮ್ಮನಿಗೆ, ಹುಟ್ಟಿ ಬೆಳೆದ ಕಡಲ ತೀರಕ್ಕೆ ಹೋಗಿಬರ್ತೀನಿ ಹೇಳಿದೆ ಅಂತ. ಆ ಸಾಲಿನ ಹಿಂದೆ ಏನಿರಬಹುದು ಅಂತ ವೈಯೆತ್ ನೋಡಿದಾನೆ. ಅವನೂ ಹುಟ್ಟಿದ ಊರು ಮ್ಯಾಸಚೂಸೆಟ್ಸ್‌ನ ನೀಡಮ್ ಬಿಟ್ಟು 1902ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ, ಹೊವರ್ಡ್ ಪೈಲ್ ಹತ್ರ ಚಿತ್ರ ಕಲಿಯೋಕೆ ಅಂತ ಇದೇ ನಮ್ಮ ವಿಲ್ಮಿಂಗ್ಟನ್‌ಗೆ ಬಂದವನು, ಆಮೇಲೂ ಅಮ್ಮನಿಗೆ ಕಾಗದ ಬರೀತಾನೇ ಇದ್ದ.

ನಾನು ಬೆಂಗಳೂರು ಏರ್‌ಪೋರ್ಟಿನಲ್ಲಿ ಹೊರಟಾಗ ಅಮ್ಮನೂ ಗೆಲುವಾಗೇ ಇದ್ರು. ಮಿಡಿ ಉಪ್ಪಿನಕಾಯಿ ಡಬ್ಬಿ ಯಾವ ಸೂಟ್‌ಕೇಸಲ್ಲಿ ಹಾಕಿದೀಯ ಕಣೇ, ಮುಚ್ಚಳಕ್ಕೆ ಟೇಪ್ ಸುತ್ತಿದೀಯ ತಾನೇ ಅಂತ ಎರಡು ಸಲ ಕೇಳಿದ್ರು.

ಸರಿ, ನಾನೇ ಬರೀತೀನಿ ಅಂತ ತೀರ್ಮಾನ ಮಾಡ್ದೆ. ನನಗೆ ಗೊತ್ತಿದ್ದಿದ್ದು ಸ್ಕೂಲಲ್ಲಿ ಮಾಡಿದ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಎರಡು, ಆಮೇಲೆ ಒಂಚೂರು ವಾಟರ್ ಕಲರ್. ಎಣ್ಣೆಬಣ್ಣ ಹೊಸದು. ನಮ್ಮ ಮನೆ ಹತ್ರ ಶನಿವಾರ ಬೆಳಿಗ್ಗೆ ಪೇಂಟಿಂಗ್ ಹೇಳಿಕೊಡ್ತಿದ್ದ ವಯಸ್ಸಾದ ಟೀಚರ್ ಒಬ್ಬರನ್ನ ಕೇಳಿದೆ, ಅವರು ಯಾವ ಚಿತ್ರ ಅಂತ ಕೇಳಿದ್ರು, ಪುಸ್ತಕ ತೋರಿಸಿದೆ, ಇದನ್ನ ನೋಡ್ಕೊಂಡು ಬರೀಬೇಡ, ಇದು ನಕಲು, ಅಸಲಿ ಇಲ್ಲೇ ಅರ್ಧ ಗಂಟೆ ದೂರದಲ್ಲಿದೆ ಹೋಗಿ ನೋಡು ಅಂದ್ರು. ಆ ಮಾತು ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಪುಸ್ತಕದ ಚಿತ್ರ ಅಂದ್ರೆ ಪುಸ್ತಕದಲ್ಲಿರೋದೇ ಅಸಲಿ ಅಂತ ನಾನು ತಿಳ್ಕೊಂಡಿದ್ದೆ. ಆಲಿಸ್ ಇನ್ ವಂಡರ್‌ಲ್ಯಾಂಡ್ ಪುಸ್ತಕಕ್ಕೆ ಟೆನಿಯಲ್ ಬರೆದ ಚಿತ್ರಗಳ ವಿಷಯದಲ್ಲಿ ಅದು ಸುಮಾರಾಗಿ ನಿಜಾನೇ, ಅವನ ಗೆರೆಗಳನ್ನ ಮರದ ಅಚ್ಚಿನಲ್ಲಿ ಕೆತ್ತಿ ಅದರಿಂದ ಮುದ್ರಿಸ್ತಿದ್ರು, ಅಚ್ಚು ಆದ್ಮೇಲೇ ಅದು ಪೂರ್ತಿ ಆಗೋದು. ವೈಯೆತ್ ವಿಷಯ ಹಾಗಲ್ಲ. ಅವನು ಬರೆದಿದ್ದೇ ದೊಡ್ಡ ಕ್ಯಾನ್ವಾಸ್ ಮೇಲೆ, ಎಣ್ಣೆಬಣ್ಣದಲ್ಲಿ, ಒಂದೊಂದೂ ಸುಮಾರು 47 ಇಂಚು ಎತ್ತರ 38 ಇಂಚು ಅಗಲ. ಪ್ರೆಸ್ಸಿನವರು ಅದರ ಫೋಟೋ ತೆಗೆದು, ಬಣ್ಣಗಳನ್ನ ಬೇರೆ ಬೇರೆ ಪ್ಲೇಟಿಗೆ ಒಡೆದು, ಚುಕ್ಕಿ ಚುಕ್ಕಿಯಾಗಿ ಎರಡು ಅಂಗೈ ಜೋಡಿಸಿದಷ್ಟು ಜಾಗಕ್ಕೆ ಇಳಿಸಿದ್ರು. ಅಂದ್ರೆ ಎಣ್ಣೆಬಣ್ಣದಲ್ಲಿ ನಕಲು ಮಾಡೋದು ಅಂದ್ರೆ ಅದು ಮೊದಲು ಇದ್ದ ಕಡೆಗೆ ಮತ್ತೆ ಕರ್ಕೊಂಡು ಹೋಗೋದು.

ಇದಕ್ಕೆ ಕಾನೂನಿನ ತೊಂದರೆ ಇದೆಯಾ ಅಂತ ಇವ್ರು ಕೇಳಿದ್ರು. ಇಲ್ಲ. ಅಮೆರಿಕದಲ್ಲಿ 1911ರಲ್ಲಿ ಪ್ರಕಟ ಆದದ್ದರ ಕಾಪಿರೈಟ್ ಯಾವತ್ತೋ ಮುಗಿದಿದೆ, ಭಾರತದಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ, ವೈಯೆತ್ ತೀರಿಕೊಂಡಿದ್ದು 1945ರ ಅಕ್ಟೋಬರ್‌ನಲ್ಲಿ, ಪೆನ್ಸಿಲ್ವೇನಿಯಾದ ಚ್ಯಾಡ್ಸ್ ಫೋರ್ಡ್ ಹತ್ರ ರೈಲ್ವೆ ಕ್ರಾಸಿಂಗಿನಲ್ಲಿ ಕಾರಿಗೆ ರೈಲು ಬಡಿದು, ಜೊತೆಗೆ ಅವನ ಪುಟ್ಟ ಮೊಮ್ಮಗನೂ ಹೋದ. ಅದನ್ನ ಓದಿದ ದಿನ ಮನಸ್ಸು ತುಂಬಾ ಭಾರ ಆಗಿತ್ತು. ನಕಲು ಮಾಡಬಹುದು, ಮಾರಲೂಬಹುದು, ಆದ್ರೆ ಅಸಲಿ ಅಂತ ಹೇಳಿಕೊಂಡು ಕೊಟ್ರೆ ಅದು ಮೋಸ, ಅದಕ್ಕೇ ಅವನ ಸಹಿ ಮುಂದೆ ಹಾಕಬಾರದು ಅನ್ನೋದು ನಕಲು ಮಾಡೋರಲ್ಲಿ ಇರೋ ಪದ್ಧತಿ.

ಮಾರ್ಚ್ ತಿಂಗಳ ಒಂದು ಭಾನುವಾರ ಹೋದ್ವಿ. ಪೆನ್ಸಿಲ್ವೇನಿಯಾದ ಚ್ಯಾಡ್ಸ್ ಫೋರ್ಡ್‌ನಲ್ಲಿ ಬ್ರ್ಯಾಂಡಿವೈನ್ ಮ್ಯೂಸಿಯಂ, ಹೊಳೆ ದಂಡೆ ಮೇಲೆ ಹಳೇ ಕಾಲದ ಹಿಟ್ಟಿನ ಗಿರಣಿ ಕಟ್ಟಡ, 1971ರಲ್ಲಿ ಅದನ್ನೇ ಮ್ಯೂಸಿಯಂ ಮಾಡಿದ್ದು. ಒಳಗೆ ಮರದ ತೊಲೆಗಳು, ಕಿಟಕಿಯಿಂದ ಹೊಳೆ ಕಾಣುತ್ತೆ, ಒಂದು ಕ್ಷಣ ನಮ್ಮೂರಿನ ತುಂಗೆ ದಂಡೆ ಮೇಲೆ ಇದ್ದ ಹಾಗೇ ಆಯ್ತು. ವೈಯೆತ್, ಅವನ ಮಗ ಆಂಡ್ರ್ಯೂ, ಮೊಮ್ಮಗ ಜೇಮಿ ಮೂರು ತಲೆಮಾರಿನ ಚಿತ್ರಗಳು ಅಲ್ಲಿವೆ. ಜಿಮ್ ಹಾಕಿನ್ಸ್ ಮನೆ ಬಿಡೋ ಚಿತ್ರ ನಾವು ಹೋದ ದಿನ ಗೋಡೆ ಮೇಲಿತ್ತು.

ಎದುರಿಗೆ ಹೋಗಿ ನಿಂತಾಗ ಮೊದಲು ಕಂಡಿದ್ದು ಹುಡುಗ ಅಲ್ಲ, ಅಮ್ಮ. ಪುಸ್ತಕದಲ್ಲಿ ಬೆರಳುದ್ದ ಇರೋ ಆಕೃತಿ, ಕಂದು ಕಲೆ ಥರ ಕಾಣ್ತಿದ್ದಿದ್ದು, ಇಲ್ಲಿ ಇಡೀ ಚಿತ್ರದ ಭಾರನೆಲ್ಲ ಹೊತ್ಕೊಂಡು ನಿಂತಿದ್ಲು. ಹತ್ರ ಹೋದ್ರೆ ಅವಳಲ್ಲಿ ಏನೂ ಇಲ್ಲ, ನಿಜವಾಗ್ಲೂ, ಮುಖ ಇಲ್ಲ ಕಣ್ಣೀರಿಲ್ಲ, ದಪ್ಪ ಬ್ರಶ್ಶಿನಿಂದ ಎಳೆದ ಕೆಲವೇ ಕೆಲವು ಪಟ್ಟಿಗಳು, ಆ ಬಗ್ಗಿದ ತಲೆ, ಭುಜ ಮಾತ್ರ. ನಾಲ್ಕು ಹೆಜ್ಜೆ ಹಿಂದೆ ಬಂದ್ರೆ ಅಳ್ತಿದಾಳೆ. ಇನ್ನೊಂದು ಅಂದ್ರೆ, ಪುಸ್ತಕದಲ್ಲಿ ಕಾಣದೇ ಇದ್ದಿದ್ದು ಬೆಳಕು. ಗೋಡೆ ಮೇಲಿನ ಬಿಸಿಲಿಗೆ ಅವನು ಬಣ್ಣ ದಪ್ಪಕ್ಕೆ ಮೆತ್ತಿದಾನೆ, ನೆರಳಿಗೆ ತೆಳ್ಳಗೆ ಬಿಟ್ಟಿದಾನೆ, ಹಾಗಾಗಿ ಬಿಸಿಲು ಮುಂದಕ್ಕೆ ಬರುತ್ತೆ ನೆರಳು ಒಳಗೆ ಹೋಗುತ್ತೆ. ಅಚ್ಚಿನಲ್ಲಿ ಎಲ್ಲಾ ಒಂದೇ ಮಟ್ಟ. ಅವತ್ತು ಸುಮಾರು ಒಂದೂವರೆ ಗಂಟೆ ಅಲ್ಲೇ ಇದ್ದೆ, ಪೆನ್ಸಿಲ್‌ನಲ್ಲಿ ಮೂರ್ನಾಲ್ಕು ಸ್ಕೆಚ್ ಮಾಡ್ಕೊಂಡೆ, ಎಲ್ಲಿ ಬಣ್ಣ ದಪ್ಪ ಎಲ್ಲಿ ತೆಳು ಅಂತ ಬಾಣ ಹಾಕಿ ಕನ್ನಡದಲ್ಲೇ ಬರ್ಕೊಂಡೆ.

ಕ್ಯಾನ್ವಾಸ್ ವಿಷಯ. ಅಸಲಿಯಷ್ಟೇ ದೊಡ್ಡದು ಬೇಡ ಅಂತ ಮೊದಲೇ ಅಂದ್ಕೊಂಡಿದ್ದೆ, ಮ್ಯೂಸಿಯಂಗಳಲ್ಲಿ ಕೂತು ನಕಲು ಮಾಡೋಕೆ ಬಿಡೋ ಕಡೆ ಅಸಲಿ ಅಳತೆಯಲ್ಲಿ ಬರೆಯೋಕೆ ಬಿಡಲ್ಲ, ಪ್ಯಾರಿಸ್ಸಿನ ಲೂವ್ರ್‌ನಲ್ಲಂತೂ ಐದನೇ ಒಂದು ಭಾಗ ಚಿಕ್ಕದೋ ದೊಡ್ಡದೋ ಇರಲೇಬೇಕು. ನಾನು ಮನೆಯಲ್ಲಿ ಬರೆಯೋದಾದ್ರೂ ಆ ನಿಯಮ ಒಳ್ಳೇದು ಅನ್ನಿಸ್ತು. ಅಂಗಡಿಯಲ್ಲಿ ರೆಡಿ ಸಿಗೋ 30 ಇಂಚು 24 ಇಂಚಿನದು ತಂದೆ, ಲೆಕ್ಕ ಹಾಕಿದ್ರೆ ಅಸಲಿಯ ಉದ್ದಗಲದ ಪ್ರಮಾಣಕ್ಕೆ ತುಂಬಾ ಹತ್ರ ಬರುತ್ತೆ, ಕಾಲು ಇಂಚಿನಷ್ಟು ಮಾತ್ರ ವ್ಯತ್ಯಾಸ. ಬಿಳಿ ಕ್ಯಾನ್ವಾಸ್ ಮೇಲೆ ನೇರ ಶುರು ಮಾಡಬೇಡ ಅಂತ ಟೀಚರ್ ಹೇಳಿದ್ರು, ಬರ್ನ್ಟ್ ಅಂಬರ್ ಅಂತ ಕಂದು ಬಣ್ಣನ ತೆಳ್ಳಗೆ ಮಾಡಿ ಪೂರ್ತಿ ಬಳಿದು ಬಟ್ಟೆಯಲ್ಲಿ ಒರೆಸಿ ಒಣಗೋಕೆ ಬಿಟ್ಟೆ, ಕಾಫಿ ಚೆಲ್ಲಿದ ಹಾಳೆ ಥರ ಆಯ್ತು. ಅದರ ಮೇಲೆ ಚೌಕ. ಮೂರು ಇಂಚಿನ ಚೌಕ ಹಾಕಿದ್ರೆ ಅಡ್ಡಕ್ಕೆ ಎಂಟು ಉದ್ದಕ್ಕೆ ಹತ್ತು, ಒಟ್ಟು 80. ಪುಸ್ತಕದ ಚಿತ್ರದ ಮೇಲೂ ಪಾರದರ್ಶಕ ಹಾಳೆ ಇಟ್ಟು ಅಷ್ಟೇ ಚೌಕ ಹಾಕಿ ಒಂದೊಂದೇ ಚೌಕ ಇದ್ದಿಲ ಕಡ್ಡಿಯಲ್ಲಿ ಇಳಿಸ್ತಾ ಹೋದೆ. ಸ್ಕೂಲಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಚೌಕ ಹಾಕಿ ದೊಡ್ಡದು ಮಾಡೋದನ್ನ ಕಲಿಸ್ತಾ ಮೂಗು ಬರೀಬೇಡ, ಚೌಕದಲ್ಲಿ ಗೆರೆ ಎಲ್ಲಿ ಒಳಗೆ ಬರುತ್ತೆ ಎಲ್ಲಿ ಆಚೆ ಹೋಗುತ್ತೆ ಅಷ್ಟು ಬರಿ ಅಂತಿದ್ರು. ಇಪ್ಪತ್ತು ವರ್ಷ ಆದ್ಮೇಲೂ ಅದೇ ಮಾತು ಕೆಲಸಕ್ಕೆ ಬಂತು. ಎರಡು ಸಂಜೆ ಹಿಡೀತು.

ಆಮೇಲೆ ಕಂದು ಒಂದೇ ಬಣ್ಣದಲ್ಲಿ ನೆರಳು ಬೆಳಕು. ನೆರಳಿನ ಕಡೆ ಬಣ್ಣ ಹಚ್ಚೋದು, ಬೆಳಕಿನ ಕಡೆ ಬಟ್ಟೆಯಿಂದ ಒರೆಸಿ ತೆಗೆಯೋದು. ಈ ಹಂತ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು, ಒಂದೇ ರಾತ್ರಿಯಲ್ಲಿ ಮನೆ, ಹುಡುಗ, ಅಮ್ಮ ಎಲ್ಲಾ ಮಂಜಿನಲ್ಲಿ ನಿಂತ ಹಾಗೆ ಎದ್ದು ಬಂದ್ರು. ಕಂದು ಬೇಗ ಒಣಗುತ್ತೆ, ಅದರಲ್ಲಿ ಮ್ಯಾಂಗನೀಸ್ ಇರೋದ್ರಿಂದ, ಎರಡು ದಿನಕ್ಕೇ ಮುಟ್ಟಿದ್ರೆ ಅಂಟ್ತಾ ಇರ್ಲಿಲ್ಲ.

ಬಣ್ಣ ಶುರು ಮಾಡಿದ್ಮೇಲೆ ತಪ್ಪು ಶುರು ಆಯ್ತು. ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ಯೆಲ್ಲೋ, ಬರ್ನ್ಟ್ ಸಿಯೆನ್ನಾ, ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್, ಐವರಿ ಬ್ಲ್ಯಾಕ್ ಇಷ್ಟೇ ಟ್ಯೂಬ್ ಇಟ್ಕೊಂಡಿದ್ದೆ. ಪುಸ್ತಕ ಎದುರಿಗೆ ಇಟ್ಕೊಂಡು ಅದರಲ್ಲಿ ಕಾಣೋ ಬಣ್ಣನ ಹಾಗೇ ಕಲಸಿ ಹಚ್ತಾ ಹೋದೆ, ಮೂರು ವಾರ, ರಾತ್ರಿ ಊಟ ಆದ್ಮೇಲೆ ಎರಡೆರಡು ಗಂಟೆ. ಗೋಡೆ ಪೂರ್ತಿ ಮುಗೀತು. ಒಂದಿನ ಬೆಳಿಗ್ಗೆ ಎದ್ದು ಹಗಲು ಬೆಳಕಲ್ಲಿ ನೋಡ್ತೀನಿ, ಗೋಡೆಗೆ ಕಾಯಿಲೆ ಬಂದ ಹಾಗಿದೆ, ಬಿಸಿಲಿನ ಕಡೆ ಹಸಿರು ಹಸಿರು. ನನ್ನ ಹತ್ರ ಇದ್ದ ಪುಸ್ತಕ ಹಳೇದು, ಕಾಗದ ಹಳದಿ ತಿರುಗಿದೆ, ಅದರ ಮೇಲೆ ನಾನು ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಕೂತು ಬರೀತಿದ್ದೆ. ಇನ್ನೊಂದು ಪ್ರತಿ ಲೈಬ್ರರಿಯಿಂದ ತಂದು ಪಕ್ಕ ಇಟ್ರೆ ಅದರಲ್ಲಿ ಗೋಡೆ ಗುಲಾಬಿ, ಫೋನಿನಲ್ಲಿ ನೋಡಿದ್ರೆ ಕಿತ್ತಳೆ. ಮೂರು ಕಡೆ ಮೂರು ಬಣ್ಣ, ಯಾವುದನ್ನ ನಂಬೋದು. ಅಂಚು ಚೂಪಾಗಿರೋ ಪ್ಯಾಲೆಟ್ ಚಾಕುವಿನಿಂದ ಆ ಮೂರು ವಾರದ ಕೆಲಸನೆಲ್ಲ ಕೆರೆದು ತೆಗೆದೆ. ಕೆರೆಯುವಾಗ ಕಣ್ಣಲ್ಲಿ ನೀರು ಬಂತು, ಆದ್ರೂ ಕೆಳಗಿದ್ದ ಕಂದು ಚಿತ್ರ ಹಾಗೇ ಗಟ್ಟಿಯಾಗಿ ಉಳಿದಿತ್ತು, ಅದು ಒಂದು ಸಮಾಧಾನ.

ಇದಕ್ಕೆ ಟೀಚರ್ ಹೇಳಿಕೊಟ್ಟ ಉಪಾಯನ ಇಲ್ಲಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯಾವ ವಿಡಿಯೋದಲ್ಲೂ ನಾನು ಇದನ್ನ ನೋಡಿರ್ಲಿಲ್ಲ. ಮ್ಯೂಸಿಯಂ ಒಳಗೆ ಬಣ್ಣ ತಗೊಂಡು ಹೋಗೋ ಹಾಗಿಲ್ಲ. ಅದಕ್ಕೆ ಮನೆಯಲ್ಲೇ ದಪ್ಪ ಕಾಗದದ ಚೀಟಿಗಳನ್ನ ಕತ್ತರಿಸಿ, ಗೋಡೆಯ ಬಿಸಿಲಿಗೆ ಅಂತ ಊಹೆ ಮಾಡಿ ಹನ್ನೆರಡು ಬಣ್ಣ, ನೆರಳಿಗೆ ಹನ್ನೆರಡು, ನೆಲಕ್ಕೆ, ಬಟ್ಟೆಗೆ ಹೀಗೆ ಒಟ್ಟು ನಲವತ್ತೆಂಟು ಚೀಟಿಗೆ ಎಣ್ಣೆಬಣ್ಣ ಹಚ್ಚಿ, ಹಿಂದೆ ಯಾವ ಟ್ಯೂಬು ಎಷ್ಟು ಅಂತ ಬರೆದು, ಒಂದು ವಾರ ಒಣಗಿಸಿದೆ. ಚೆನ್ನಾಗಿ ಒಣಗಿದ ಮೇಲೆ ಚೀಟಿಗಳನ್ನ ದಾರದಲ್ಲಿ ಪೋಣಿಸಿಕೊಂಡು ಮತ್ತೆ ಚ್ಯಾಡ್ಸ್ ಫೋರ್ಡ್‌ಗೆ ಹೋದೆ. ಬಾಗಿಲಲ್ಲಿ ತೋರಿಸಿ ಕೇಳಿದ್ದಕ್ಕೆ ಒಣಗಿದೆ ತಾನೇ ಅಂತ ಮುಟ್ಟಿ ನೋಡಿ ಬಿಟ್ರು, ಚಿತ್ರದ ಹತ್ರ ಮಾತ್ರ ಹೋಗಬಾರದು ಅಂದ್ರು. ಗೆರೆಯಿಂದ ಆಚೆ ನಿಂತು ಒಂದು ಕಣ್ಣು ಮುಚ್ಚಿ ಚೀಟಿನ ಚಿತ್ರದ ಆ ಜಾಗಕ್ಕೆ ಸರಿಯಾಗಿ ಹಿಡಿದು ನೋಡೋದು, ಹೊಂದಿದ್ರೆ ಟಿಕ್ಕು, ಇಲ್ಲಾಂದ್ರೆ ಇನ್ನೂ ತಣ್ಣಗೆ ಇನ್ನೂ ಬೆಚ್ಚಗೆ ಅಂತ ಬರ್ಕೊಳ್ಳೋದು. ನಲವತ್ತೆಂಟರಲ್ಲಿ ಸರಿ ಹೊಂದಿದ್ದು ಒಂಬತ್ತು. ಆದ್ರೆ ಆ ಒಂಬತ್ತು ಸಿಕ್ಕಿದ್ಮೇಲೆ ಉಳಿದಿದ್ದನ್ನ ಅವುಗಳ ಮೇಲೆ ಲೆಕ್ಕ ಹಾಕಬಹುದು, ಇದಕ್ಕಿಂತ ಸ್ವಲ್ಪ ಕಪ್ಪು, ಅದಕ್ಕಿಂತ ಸ್ವಲ್ಪ ನೀಲಿ ಅಂತ. ನೆರಳು ಕಪ್ಪಲ್ಲ ಅನ್ನೋದು ಅವತ್ತು ತಿಳೀತು. ಐವರಿ ಬ್ಲ್ಯಾಕ್ ಹಾಕಿ ಮಾಡಿದ್ದ ಒಂದು ನೆರಳಿನ ಚೀಟಿನೂ ಹೊಂದಲಿಲ್ಲ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಸೇರಿಸಿದ್ದು ಹೊಂದಿತು. ವೈಯೆತ್ ಅದೇ ಟ್ಯೂಬು ಬಳಸಿದ್ದ ಅಂತ ನಾನು ಹೇಳ್ತಿಲ್ಲ, ಕಣ್ಣಿಗೆ ಹೊಂದಿದ್ದು ಅಷ್ಟೇ.

ಅವತ್ತೇ ಮ್ಯೂಸಿಯಂನ ಬಸ್ಸಿನಲ್ಲಿ ಕರ್ಕೊಂಡು ಹೋಗಿ ಅವನ ಮನೆ, ಸ್ಟುಡಿಯೋ ತೋರಿಸಿದ್ರು. ಟ್ರೆಷರ್ ಐಲ್ಯಾಂಡ್‌ನಿಂದ ಬಂದ ದುಡ್ಡಿನಲ್ಲೇ ಅವನು ಆ ಗುಡ್ಡದ ಮೇಲೆ 18 ಎಕರೆ ತಗೊಂಡಿದ್ದು, ಮನೆ ಕಟ್ಟಿದ್ದು. ಸ್ಟುಡಿಯೋದಲ್ಲಿ ಉತ್ತರಕ್ಕೆ ತುಂಬಾ ದೊಡ್ಡ ಕಿಟಕಿ, ದಿನವಿಡೀ ಒಂದೇ ಥರ ಬೆಳಕು. ನಾನು ಮನೆಗೆ ಬಂದವಳೇ ಮೊದಲು ಮಾಡಿದ್ದು ಈಸೆಲ್‌ನ ಅಡುಗೆಮನೆಯಿಂದ ಎತ್ತಿ ಮಲಗೋ ಕೋಣೆಯ ಉತ್ತರದ ಕಿಟಕಿ ಹತ್ರ ಇಟ್ಟಿದ್ದು, ಆಮೇಲಿಂದ ರಾತ್ರಿ ಬರೆಯೋದೇ ಬಿಟ್ಟೆ, ಶನಿವಾರ ಭಾನುವಾರ ಹಗಲು ಮಾತ್ರ. ಅದಕ್ಕೇ ಮುಗಿಯೋಕೆ ಅಕ್ಟೋಬರ್ ಆಯ್ತು.

ಎಣ್ಣೆಬಣ್ಣದಲ್ಲಿ ಒಂದು ಕ್ರಮ ಇದೆ, ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಉಲ್ಟಾ ಆದ್ರೆ ಮೇಲಿಂದು ಮೊದಲು ಒಣಗಿ ಕೆಳಗಿಂದು ಆಮೇಲೆ ಎಳೆಯುತ್ತೆ, ಬಿರುಕು ಬಿಡುತ್ತೆ. ಮೊದಲ ಪದರಕ್ಕೆ ತೆಳು ಮಾಡೋ ದ್ರಾವಣ, ಆಮೇಲೆ ಸ್ವಲ್ಪ ಸ್ವಲ್ಪ ಲಿನ್‌ಸೀಡ್ ಆಯಿಲ್, ಅಂದ್ರೆ ನಮ್ಮ ಅಗಸೆ ಎಣ್ಣೆ. ಊರಲ್ಲಿ ಅಗಸೆ ಚಟ್ನಿಪುಡಿ ತಿಂದವರಿಗೆ ಆ ವಾಸನೆ ಹೊಸದಲ್ಲ. ಆದ್ರೆ ಇದು ತುಂಬಾ ಮುಖ್ಯ, ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಲೇಬೇಡಿ, ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ಕೊಳ್ಳುತ್ತೆ. ನಾನು ಬಾಲ್ಕನಿಯಲ್ಲಿ ಒಂದೊಂದೇ ಬಿಡಿಸಿ ತಂತಿ ಮೇಲೆ ಹಾಕಿ, ಪೂರ್ತಿ ಒಣಗಿ ಗಟ್ಟಿಯಾದ್ಮೇಲೆ ಎಸೀತಿದ್ದೆ. ಅಪಾರ್ಟ್‌ಮೆಂಟಿನಲ್ಲಿ ಇರೋರು ಇದನ್ನ ಮರೀಬಾರದು.

ಗೋಡೆ, ನೆಲ, ಆಕಾಶ ಎಲ್ಲಾ ಜೂನ್ ಹೊತ್ತಿಗೆ ಒಂದು ಹದಕ್ಕೆ ಬಂತು. ಹುಡುಗ ಕಷ್ಟ ಕೊಡಲಿಲ್ಲ. ಅಮ್ಮ ಕೊಟ್ಟಳು. ಪ್ರತಿ ಸಲ ಕೂತಾಗಲೂ ನನ್ನ ಕೈ ಅವಳ ಬೆರಳು, ಬಟ್ಟೆಯ ಮಡಿಕೆ, ಕೂದಲು ಅಂತ ಬಿಡಿಸೋಕೆ ಹೋಗೋದು, ಬಿಡಿಸಿದಷ್ಟೂ ಅವಳು ಗೊಂಬೆ ಆಗೋಳು. ಐದು ಸಲ ಒರೆಸಿದೆ. ಅಸಲಿಯಲ್ಲಿ ಎಷ್ಟು ಕಮ್ಮಿ ಇತ್ತು ಅಂತ ನನ್ನ ಪೆನ್ಸಿಲ್ ಸ್ಕೆಚ್ಚಿನಲ್ಲಿ ಬರ್ಕೊಂಡಿದ್ದೆ, ಆದ್ರೂ ಕೈಗೆ ಧೈರ್ಯ ಬರ್ತಿರ್ಲಿಲ್ಲ, ಇಷ್ಟು ಕಮ್ಮಿ ಬರೆದ್ರೆ ಅಮ್ಮ ಅಂತ ಹೇಗೆ ಗೊತ್ತಾಗುತ್ತೆ ಅಂತ. ಕೊನೆಗೆ ಚಿಕ್ಕ ಬ್ರಶ್‌ಗಳನ್ನೆಲ್ಲ ಬೇರೆ ಕೋಣೆಯಲ್ಲಿ ಇಟ್ಟು ಬಂದು, ಒಂದು ಇಂಚಿನ ಚಪ್ಪಟೆ ಬ್ರಶ್ ಒಂದೇ ಇಟ್ಕೊಂಡೆ. ಮೊದಲು ಹಾಳೆ ಮೇಲೆ ಅಭ್ಯಾಸ, ತಲೆಗೆ ಒಂದು ಪಟ್ಟಿ, ಭುಜಕ್ಕೆ ಒಂದು, ಎತ್ತಿದ ಕೈಗೆ ಒಂದು, ಸುಮಾರು ಅರವತ್ತು ಎಪ್ಪತ್ತು ಸಲ. ಅದು ಕೈಗೆ ಹತ್ತಿದ್ಮೇಲೆ ಒಂದು ಭಾನುವಾರ ಬೆಳಿಗ್ಗೆ ಕ್ಯಾನ್ವಾಸ್ ಮೇಲೆ ಹಾಕಿದೆ. ಹತ್ತು ನಿಮಿಷನೂ ಆಗಿರ್ಲಿಲ್ಲ. ಹಿಂದೆ ಬಂದು ನೋಡಿದೆ, ಇವ್ರನ್ನ ಕರೆದೆ. ಇವ್ರು ಬಂದು ನೋಡಿ ಏನೂ ಮಾತಾಡ್ಲಿಲ್ಲ, ನೀನು ಇನ್ನು ಅದನ್ನ ಮುಟ್ಟಬೇಡ ಅಂದ್ರು. ಮುಟ್ಟಲಿಲ್ಲ.

ಒಣಗ್ತಾ ಒಣಗ್ತಾ ನೆರಳಿನ ಕಡೆ ಅಲ್ಲಲ್ಲಿ ಮಂಕಾಯ್ತು, ಕಂದು ಇದ್ದ ಕಡೆ ಕೆಳಗಿನ ಪದರ ಎಣ್ಣೆ ಕುಡಿದುಬಿಡುತ್ತೆ, ಆ ಜಾಗಕ್ಕೆ ಮಾತ್ರ ಒಂದು ಹನಿ ಎಣ್ಣೆ ತೆಳ್ಳಗೆ ಸವರಿ ಹೆಚ್ಚಾದದ್ದನ್ನ ಒರೆಸಿದ್ರೆ ಬಣ್ಣ ಮತ್ತೆ ಏಳುತ್ತೆ. ಸಹಿ ಹಾಕಲಿಲ್ಲ. ಹಿಂದೆ ಕ್ಯಾನ್ವಾಸ್ ಮೇಲೆ, ಎನ್.ಸಿ. ವೈಯೆತ್ 1911ರಲ್ಲಿ ಬರೆದ ಚಿತ್ರ ನೋಡಿ ಮಾಡಿದ ನಕಲು ಅಂತ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎರಡರಲ್ಲೂ ಬರೆದು, ನನ್ನ ಹೆಸರು, ಅಳತೆ, ಬಳಸಿದ ಬಣ್ಣ ಎಲ್ಲಾ ಬರೆದೆ. ವಾರ್ನಿಶ್‌ಗೆ ಆರು ತಿಂಗಳು ಕಾದೆ, ಏಪ್ರಿಲ್‌ನಲ್ಲಿ ಹಚ್ಚಿದೆ, ಮೇ ತಿಂಗಳಲ್ಲಿ ಊರಿಗೆ ಹೊರಟ್ವಿ.

ಚೌಕಟ್ಟಿನಿಂದ ಕ್ಯಾನ್ವಾಸ್ ಬಿಚ್ಚಿ ಸುತ್ತುವಾಗ ಎಲ್ಲರೂ ಮಾಡೋ ತಪ್ಪು ಬಣ್ಣನ ಒಳಗೆ ಮಾಡಿ ಸುತ್ತೋದು. ಬಣ್ಣ ಹೊರಗೆ ಇರಬೇಕು, ಒಳಗೆ ಇದ್ರೆ ಒತ್ತಿಕೊಂಡು ಸಿಡಿಯುತ್ತೆ. ನುಣುಪು ಕಾಗದ ಮೇಲೆ ಹಾಸಿ ಆದಷ್ಟು ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಿ ಕೈಯಲ್ಲೇ ಹಿಡ್ಕೊಂಡು ವಿಮಾನ ಹತ್ತಿದೆ. ಶಿವಮೊಗ್ಗದಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕೋ ಅಂಗಡಿಯವರು ಒಬ್ಬರು ಇದಾರೆ, ಅವರಿಗೆ ಕ್ಯಾನ್ವಾಸ್ ಎಳೆದು ಮೊಳೆ ಹೊಡೆಯೋದು ಗೊತ್ತಿತ್ತು, ಸಾಗುವಾನಿ ಚೌಕಟ್ಟು ಮಾಡಿಕೊಟ್ರು. ಗಾಜು ಹಾಕ್ಲಾ ಅಮ್ಮ ಅಂತ ಕೇಳಿದ್ರು, ಬೇಡ ಅಂದೆ, ಎಣ್ಣೆಬಣ್ಣಕ್ಕೆ ಗಾಳಿ ಬೇಕು, ನಮ್ಮ ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಸಿಕ್ಕಿಹಾಕಿಕೊಂಡ್ರೆ ಬೂಷ್ಟು ಹಿಡಿಯೋದೇ. ಮನೆಯಲ್ಲೂ ಹೊರಗೋಡೆ ಬಿಟ್ಟು ನಡುಮನೆಯ ಒಳಗೋಡೆಗೆ ಹಾಕಿದ್ವಿ, ಹಿಂದೆ ಗೋಡೆಗೆ ತಾಗದ ಹಾಗೆ ನಾಲ್ಕು ಮೂಲೆಗೂ ಬಿರಡೆ ಚೂರು ಅಂಟಿಸಿ.

ಅಮ್ಮ ಕನ್ನಡಕ ಹಾಕ್ಕೊಂಡು ಬಂದು ತುಂಬಾ ಹೊತ್ತು ನೋಡಿದ್ರು. ಹುಡುಗ ಯಾರು, ಎಲ್ಲಿಗೆ ಹೋಗ್ತಿದಾನೆ ಕೇಳಿದ್ರು, ಕತೆ ಹೇಳಿದೆ, ನಿಧಿ ಸಿಗುತ್ತೆ, ವಾಪಸ್ ಬರ್ತಾನೆ ಅಂದೆ.

"ಆ ಗಂಟಲ್ಲಿ ಅವಳು ಏನು ಕಟ್ಟಿ ಕೊಟ್ಟಿದಾಳೋ" ಅಂದ್ರು.

ಪುಸ್ತಕದಲ್ಲಿ ಅದು ಇಲ್ಲ ಅಂತ ಹೇಳಿದೆ. ಅಮ್ಮ ಕೈ ಎತ್ತಿ ಚಿತ್ರಕ್ಕೆ ತಾಗದ ಹಾಗೆ, ಅಳ್ತಾ ನಿಂತವಳ ಹತ್ರ ಬೆರಳು ಒಯ್ದು ಹಾಗೇ ವಾಪಸ್ ತಗೊಂಡ್ರು, ಆಮೇಲೆ ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಒಳಗೆ ಹೋದ್ರು.

ಜೂನ್‌ನಲ್ಲಿ ಮಳೆ ಹಿಡಿದ್ಮೇಲೆ ಫೋನ್ ಮಾಡಿ ಹಿಂದೆ ಬಿಳಿ ಏನಾದ್ರೂ ಕಾಣುತ್ತಾ ನೋಡಮ್ಮ ಅಂತ ಕೇಳಿದ್ದಕ್ಕೆ, ಅದನ್ನ ಆಗಲೇ ಗೋಡೆಯಿಂದ ಇಳಿಸಿಯಾಯ್ತು, ಹಳೇ ನೂಲಿನ ಸೀರೆ ಸುತ್ತಿ ಅಟ್ಟದ ಮೇಲೆ ಅಡುಗೆಮನೆ ಹೊಗೆ ಬೆಚ್ಚಗೆ ಬರೋ ಕಡೆ ಇಟ್ಟಿದೀನಿ ಅಂದ್ರು. ಹೊಗೆ ತಾಗಿದ್ರೆ ಬಣ್ಣ ಕಪ್ಪಾಗುತ್ತಮ್ಮ ಅಂತ ನಾನು ಗಾಬರಿಯಾದೆ. ಸರಿ ಬಿಡೇ, ನನ್ನ ಮಂಚದ ಪಕ್ಕ ಇಟ್ಕೊತೀನಿ, ದೀಪಾವಳಿ ಕಳೆದ್ಮೇಲೆ ಮತ್ತೆ ಹಾಕಿಸ್ತೀನಿ ಅಂದ್ರು.